ಕಳೆದ ವರ್ಷವೂ ನೀವೇ ಅಲ್ವಾ ಬಂದದ್ದು?

(ಕಾಸರಗೋಡಿನಲ್ಲಿ ಯುವ ವರದಿಗಾರರು ಮತ್ತು ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು. ಬರಹಕ್ಕೆ ಬೇಕಾದಷ್ಟು ಮಾತ್ರ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಉಪ್ಪಳದ ಮುಸೋಡಿ ಕಡಪ್ಪುರ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಜೂನ್ ಬಂತೆಂದರೆ ನನಗೆ ಪತ್ರಿಕೆಯ ಕಚೇರಿಯಿಂದ ಒಂದು ಫೋನ್ ಬರುತ್ತದೆ. ‘ಮುಸೋಡಿಯಲ್ಲಿ ಕಡಲ್ಕೊರೆತ ಜೋರಂತೆ. ನಾಲ್ಕು ಗಂಟೆ ಒಳಗೆ ಎರಡು ಫೋಟೋ, ಇನ್ನೂರು ಶಬ್ದ ಕಳಿಸಿ.’ ನಾನು ರೈನ್‌ಕೋಟ್ ಹಾಕಿ ಬೈಕ್ ಹತ್ತುತ್ತೇನೆ. ಬೇರು ಮೇಲೆ ಮಾಡಿ ಬಿದ್ದ ತೆಂಗಿನ ಮರದ್ದೊಂದು ಫೋಟೋ, ಅಲೆ ಎದ್ದದ್ದೊಂದು ಫೋಟೋ. ನಾಲ್ಕು ಜನರನ್ನು ಮಾತಾಡಿಸಿ ವಾಪಸ್ ಬರುತ್ತೇನೆ.

ಒಂದು ವರ್ಷ ಹೀಗೆ ಹೋದಾಗ ಒಬ್ಬ ಹಿರಿಯ ಹೆಂಗಸು ಮನೆಯ ಸಾಮಾನು ಹೊರಗೆ ಸಾಗಿಸುತ್ತಿದ್ದರು. ಪಾತ್ರೆಗಳನ್ನೆಲ್ಲ ಒಂದು ಹಳೆಯ ಬಲೆಯಲ್ಲಿ ಕಟ್ಟಿದ್ದರು. ಮನೆಯ ಹಿಂದಿನ ಮೆಟ್ಟಿಲಿನ ಕೆಳಗೆ ಮರಳೇ ಇರಲಿಲ್ಲ. ಮೆಟ್ಟಿಲು ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತಿತ್ತು. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ ತುಳುವಿನಲ್ಲಿ ಕೇಳಿದರು, ‘ಕಳೆದ ವರ್ಷವೂ ನೀವೇ ಅಲ್ವಾ ಬಂದದ್ದು?’ ಹೌದು ಅಂದೆ. ಅವರು ಕೈ ಚಾಚಿ ನೀರನ್ನು ತೋರಿಸಿದರು. ‘ಆಗ ನೀವು ಫೋಟೋ ತೆಗೆದದ್ದು ಅಲ್ಲಿ ನಿಂತು. ನಮ್ಮ ಬಟ್ಟೆ ಒಗೆಯುವ ಕಲ್ಲು ಅಲ್ಲಿತ್ತು.’

ಅವರು ತೋರಿಸಿದ ಕಡೆ ಅಲೆ ಒಡೆಯುತ್ತಿತ್ತು.

ಅಂದು ರಾತ್ರಿ ನನ್ನ ಹಳೆಯ ವರದಿಗಳನ್ನು ತೆಗೆದು ಸಾಲಾಗಿ ಇಟ್ಟು ಓದಿದೆ. ನಾಲ್ಕು ಮಳೆಗಾಲದ ನಾಲ್ಕು ವರದಿ. ‘ಕಡಲು ಪ್ರಕ್ಷುಬ್ಧಗೊಂಡಿದ್ದು ಹಲವು ತೆಂಗಿನ ಮರಗಳು ಸಮುದ್ರ ಪಾಲಾಗಿವೆ. ಸ್ಥಳೀಯರು ಆತಂಕದಲ್ಲಿದ್ದಾರೆ. ಅಧಿಕಾರಿಗಳು ಭೇಟಿ ನೀಡಿ ಪರಿಶೀಲಿಸಿದರು.’ ನಾಲ್ಕರಲ್ಲೂ ಹೆಚ್ಚು ಕಡಿಮೆ ಇದೇ ವಾಕ್ಯ. ಒಂದೂ ಸುಳ್ಳಲ್ಲ. ಆದರೆ ನಾಲ್ಕನ್ನೂ ಓದಿದವರಿಗೆ ಕಡಲು ಎಷ್ಟು ಹೆಜ್ಜೆ ಒಳಗೆ ಬಂತು, ಎಷ್ಟು ಮನೆ ಹೋಯಿತು, ಹೋದವರು ಈಗ ಎಲ್ಲಿದ್ದಾರೆ, ಅಲೆ ತಡೆಯಲು ಹಾಕಿದ ಕಲ್ಲು ಎಲ್ಲಿ ಹೋಯಿತು, ಯಾವುದೂ ಗೊತ್ತಾಗುವುದಿಲ್ಲ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ಇದೇ ಮುಸೋಡಿಯಲ್ಲಿ ಮನೆಯೊಂದು ಕಡಲಿಗೆ ಕುಸಿಯುವ ವಿಡಿಯೋವನ್ನು ದೇಶವೇ ನೋಡಿತು. ಮುಂದಿನ ತಿಂಗಳು ಆ ಮನೆಯವರು ಎಲ್ಲಿದ್ದರು ಅಂತ ನಾನು ಹೋಗಿ ಕೇಳಲಿಲ್ಲ. ಆ ಹೆಂಗಸಿಗೆ ನೆನಪಿದ್ದದ್ದು ನನ್ನ ವರದಿಗಳಲ್ಲಿ ಇರಲಿಲ್ಲ. ನನ್ನ ಈವತ್ತಿನ ಮಾತೆಲ್ಲ ಇದರ ಬಗ್ಗೆಯೇ.

ನಾವು ಘಟನೆ ಬರೆಯಲು ಕಲಿತವರು. ಗುಡ್ಡ ಕುಸಿದರೆ ಸುದ್ದಿ, ಸೇತುವೆ ಮುಳುಗಿದರೆ ಸುದ್ದಿ. ಭೂಮಿ ಬಿಸಿಯಾಗುವುದು ಒಂದು ದಿನದ ಘಟನೆಯಲ್ಲ. ಅದಕ್ಕೆ ಸ್ಥಳ, ಸಮಯ, ಪ್ರತ್ಯಕ್ಷದರ್ಶಿ ಇಲ್ಲ. ಹೋದ ಜಾಗಕ್ಕೇ ಮತ್ತೆ ಹೋದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ನಮ್ಮ ಶಬ್ದಗಳನ್ನೇ ಮೊದಲು ನೋಡೋಣ. ‘ವರುಣನ ಆರ್ಭಟ’, ‘ಮಳೆರಾಯನ ಅವಾಂತರ’, ‘ಮುನಿದ ಪ್ರಕೃತಿ’. ಡೆಸ್ಕಿನಲ್ಲಿ ಕೂತವರಿಗೆ ಇವು ಕೈಗೆ ಸಿಗುವ ಹಾಗೆ ಇರುತ್ತವೆ. ಆದರೆ ವರುಣ ಮಾಡಿದ್ದು ಅಂದ ಮೇಲೆ ಯಾರನ್ನು ಪ್ರಶ್ನೆ ಕೇಳುವುದು? ತೋಡು ಮುಚ್ಚಿ ಮನೆ ಕಟ್ಟಲು ಪರವಾನಗಿ ಕೊಟ್ಟವರು, ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದವರು, ಎಲ್ಲರೂ ಆ ಒಂದು ಶಬ್ದದ ಹಿಂದೆ ಅಡಗಿಕೊಳ್ಳುತ್ತಾರೆ.

ಇನ್ನೊಂದು ಶಬ್ದ ಇದಕ್ಕಿಂತ ಮುಖ್ಯ. ನಾವೆಲ್ಲ ‘ಹವಾಮಾನ ಬದಲಾವಣೆ’ ಅಂತ ಬರೆಯುತ್ತೇವೆ. ಹವಾಮಾನ ಅಂದರೆ ಇವತ್ತಿನದು, ನಾಳೆಯದು. ಬೆಳಿಗ್ಗೆ ಬಿಸಿಲು, ಸಂಜೆ ಮಳೆ. ಒಂದು ಊರಿನ ಮೂವತ್ತು ವರ್ಷದ ಸ್ವಭಾವಕ್ಕೆ ಹವಾಗುಣ ಅನ್ನುವ ಬೇರೆಯೇ ಶಬ್ದ ಉಂಟು. ಶಾಲೆಯ ಪುಸ್ತಕದಲ್ಲಿ ವಾಯುಗುಣ ಅಂತ ಓದಿದ್ದೇವೆ. ಪತ್ರಿಕೆಗೆ ಬಂದಾಗ ಎರಡನ್ನೂ ಒಂದೇ ಮಾಡಿಬಿಟ್ಟೆವು. ಅದರ ಪರಿಣಾಮ ನೋಡಿ. ಮನೆಯಲ್ಲಿ ಮಗುವಿಗೆ ಶೀತ ಆದರೆ ‘ಹವಾಮಾನ ಬದಲಾವಣೆ ಆಯ್ತಲ್ಲ, ಅದಕ್ಕೆ’ ಅನ್ನುತ್ತೇವೆ. ಅದೇ ಮಾತನ್ನು ವಿಶ್ವಸಂಸ್ಥೆಯ ಸುದ್ದಿಗೂ ಬಳಸಿದರೆ ಓದುವವರಿಗೆ ಶೀತ, ಕೆಮ್ಮು ನೆನಪಾಗುವುದು ಸಹಜ ಅಲ್ವಾ? ಮಲಯಾಳದ ‘ಕಾಲಾವಸ್ಥೆ’ಯದ್ದೂ ಇದೇ ಕಥೆ. ಎರಡು ಭಾಷೆಯಲ್ಲಿ ಸುದ್ದಿ ಓದುವ ನಮ್ಮ ಜನಕ್ಕೆ ಎರಡೂ ಕಡೆಯಿಂದ ಅದೇ ಗೊಂದಲ.

ಲಂಡನ್ನಿನ ಗಾರ್ಡಿಯನ್ ಪತ್ರಿಕೆ 2019ರ ಮೇಯಲ್ಲಿ ತನ್ನ ಭಾಷಾ ನಿಯಮ ಬದಲಾಯಿಸಿತು. ‘ಬದಲಾವಣೆ’ ಅನ್ನುವುದು ತೀರಾ ಮೆದುವಾಯಿತು, ತುರ್ತು, ಬಿಕ್ಕಟ್ಟು ಅನ್ನುವ ಶಬ್ದಗಳೇ ಸರಿ ಅಂತ ತನ್ನ ಬರಹಗಾರರಿಗೆ ಹೇಳಿತು. ನಾವು ಅದನ್ನು ಹಾಗೇ ಎತ್ತಿ ಕನ್ನಡಕ್ಕೆ ತರುವ ಹಾಗಿಲ್ಲ. ‘ತುರ್ತು ಪರಿಸ್ಥಿತಿ’ ಅಂದ ಕೂಡಲೇ ನಮ್ಮ ಹಿರಿಯರಿಗೆ 1975 ನೆನಪಾಗುತ್ತದೆ. ನಾನು ಈಗ ‘ಹವಾಗುಣ ಬಿಕ್ಕಟ್ಟು’ ಅಂತ ಬರೆಯುತ್ತೇನೆ. ಅದಕ್ಕಿಂತ ಜಾಸ್ತಿ ಬರೆಯುವುದು ನೇರ ವಾಕ್ಯವನ್ನೇ. ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್, ಗ್ಯಾಸ್ ಸುಟ್ಟು ಸುಟ್ಟು ಭೂಮಿ ಬಿಸಿಯಾಗಿದೆ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ 2024ನೇ ಇಸವಿ, ಕಾರ್ಖಾನೆಗಳ ಕಾಲಕ್ಕಿಂತ ಮೊದಲಿದ್ದದ್ದಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಹಿಡಿದದ್ದನ್ನು ಒಮ್ಮೆಲೇ ಸುರಿಯುತ್ತದೆ. ಇಷ್ಟು ಬರೆಯಲು ಎರಡು ಇಂಚು ಜಾಗ ಸಾಕು.

ಈಗ ಕಷ್ಟದ ಪ್ರಶ್ನೆಗೆ ಬರೋಣ. ‘ಸರ್, ಈ ಮಳೆ ಬಂದದ್ದು ಅದರಿಂದಲೇ ಅಂತ ಬರೆಯಬಹುದಾ?’ ಎಳೆಯ ವರದಿಗಾರರು ನನ್ನಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು.

ವಯನಾಡನ್ನೇ ತೆಗೆದುಕೊಳ್ಳಿ. 2024ರ ಜುಲೈ 30ರ ನಸುಕಿಗೆ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಹೋದವು. ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಎರಡೇ ವಾರದಲ್ಲಿ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಅನ್ನುವ ವಿಜ್ಞಾನಿಗಳ ತಂಡ ತನ್ನ ಲೆಕ್ಕ ಮುಂದಿಟ್ಟಿತು. ಅವರು ಮಾಡುವುದು ಇಷ್ಟು: ಈಗಿನ ಬಿಸಿ ಭೂಮಿಯಲ್ಲಿ ಇಂಥ ಮಳೆ ಎಷ್ಟು ಜೋರು ಬೀಳುತ್ತದೆ, ಬಿಸಿಯಾಗದೇ ಇದ್ದಿದ್ದರೆ ಎಷ್ಟು ಬೀಳುತ್ತಿತ್ತು ಅಂತ ಕಂಪ್ಯೂಟರ್ ಮಾದರಿಗಳಲ್ಲಿ ಹೋಲಿಸುವುದು. ಆ ಒಂದು ದಿನದ ಮಳೆ ಸುಮಾರು ಶೇಕಡಾ 10ರಷ್ಟು ಜೋರಾಗಿತ್ತು ಅಂತ ಅವರು ಹೇಳಿದರು.

ಶೇಕಡಾ 10. ಇದನ್ನು ಎರಡು ಥರ ತಪ್ಪಾಗಿ ಬರೆಯಬಹುದು. ‘ಹವಾಗುಣ ಬಿಕ್ಕಟ್ಟಿಗೆ ವಯನಾಡು ಬಲಿ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದರೆ ಬೆಟ್ಟದ ಮೇಲಿನ ಕಟ್ಟಡ, ಕಾಡು ಕಡಿದದ್ದು, ಅಪಾಯದ ಇಳಿಜಾರಿನಲ್ಲಿ ಜನರನ್ನು ಇರಗೊಟ್ಟದ್ದು ಎಲ್ಲ ಮರೆಗೆ ಸರಿಯುತ್ತದೆ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲೇ ಪಶ್ಚಿಮ ಘಟ್ಟದ ಬಗ್ಗೆ ವರದಿ ಕೊಟ್ಟಾಗಿತ್ತು. ‘ಹತ್ತೇ ಪರ್ಸೆಂಟಾ’ ಅಂತ ಬಿಟ್ಟುಬಿಡುವುದು ಇನ್ನೊಂದು ತಪ್ಪು. ಮೊದಲೇ ನೆನೆದು ನಿಂತ ಗುಡ್ಡಕ್ಕೆ ಕೊನೆಯ ಹತ್ತು ಕೊಡ ನೀರು ಎಂಥದ್ದು ಅಂತ ಬರೆ (ಇಳಿಜಾರಿನ ಮಣ್ಣಿನ ಏರಿ) ಕಟ್ಟಿದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ‘ಮಳೆಯನ್ನು ಜೋರು ಮಾಡಿದ್ದು ಬಿಸಿಯಾದ ಭೂಮಿ, ಆ ಮಳೆ ಜನರನ್ನು ಕೊಂದದ್ದು ಇಲ್ಲಿಯ ತೀರ್ಮಾನಗಳಿಂದ’ ಅಂತ ಎರಡನ್ನೂ ಒಟ್ಟಿಗೆ ಬರೆಯಬೇಕು. ಕಷ್ಟ, ಆದರೆ ಸಾಧ್ಯ.

ಅದೇ ತಿಂಗಳು 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಜಾರಿತ್ತು. ಕೇರಳದ ಒಬ್ಬ ಲಾರಿ ಚಾಲಕ ಅದರಲ್ಲಿ ಕಾಣೆಯಾದರು. ಮಲಯಾಳದ ಚಾನೆಲ್‌ಗಳು ಗಂಗಾವಳಿ ನದಿಯ ದಡ ಬಿಟ್ಟು ಕದಲಲಿಲ್ಲ. ಸೆಪ್ಟೆಂಬರ್ ಕೊನೆಗೆ ಲಾರಿ ನದಿಯಲ್ಲಿ ಸಿಗುವವರೆಗೂ ಸುದ್ದಿ ಆರಲಿಲ್ಲ. ಅವರ ಹಟವನ್ನು ನಾನು ಮೆಚ್ಚುತ್ತೇನೆ. ಒಬ್ಬ ಕೂಲಿ ಮನುಷ್ಯನ ಜೀವಕ್ಕೆ ಅಷ್ಟು ದಿನದ ಗಮನ ಸಿಕ್ಕಿದ್ದು ಸಣ್ಣ ವಿಷಯ ಅಲ್ಲ. ಆದರೆ ಲಾರಿ ಮೇಲೆ ಬಂದ ದಿನವೇ ಕ್ಯಾಮೆರಾ ಪ್ಯಾಕ್ ಆಯಿತು. ಅದೇ 66ನೇ ಹೆದ್ದಾರಿ ತಲಪಾಡಿ ದಾಟಿ ನಮ್ಮ ಜಿಲ್ಲೆಯ ಉದ್ದಕ್ಕೂ ಹೋಗುತ್ತದೆ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲ ಗುಡ್ಡ ಇದೇ ರಸ್ತೆಗೆ ಜಾರಿತು. ಹೆದ್ದಾರಿಗಾಗಿ ಗುಡ್ಡವನ್ನು ಹೇಗೆ ಕಡಿದರು ಅನ್ನುವ ಶಿರೂರಿನ ಪ್ರಶ್ನೆಯನ್ನು ಅಲ್ಲಿಂದ ಇಲ್ಲಿಯವರೆಗೆ ಎಳೆದು ತರುವ ಕೆಲಸ ಎರಡೂ ಭಾಷೆ ಬಲ್ಲ ಕಾಸರಗೋಡಿನ ವರದಿಗಾರರದ್ದು. ನಮ್ಮನ್ನು ಬಿಟ್ಟರೆ ಬೇರೆ ಯಾರು ಮಾಡುತ್ತಾರೆ?

‘ಎರಡೂ ಕಡೆಯ ಅಭಿಪ್ರಾಯ ಹಾಕಬೇಡ್ವಾ’ ಅಂತಲೂ ಕೇಳುತ್ತಾರೆ. ಮನುಷ್ಯರಿಂದಲೇ ಭೂಮಿ ಬಿಸಿಯಾಗಿದೆ ಅನ್ನುವುದರಲ್ಲಿ ಸಂಶಯವಿಲ್ಲ ಅಂತ ವಿಶ್ವಸಂಸ್ಥೆಯ ಹವಾಗುಣ ಸಮಿತಿ ಐಪಿಸಿಸಿ 2021ರಲ್ಲಿ ಸ್ಪಷ್ಟವಾಗಿ ಬರೆಯಿತು. ಸಮತೋಲನಕ್ಕೆಂದು ಅದನ್ನು ಅಲ್ಲಗಳೆಯುವವರನ್ನು ಕರೆತರಬೇಕಾಗಿಲ್ಲ ಅಂತ ಬಿಬಿಸಿ 2018ರಲ್ಲೇ ತನ್ನ ಸಿಬ್ಬಂದಿಗೆ ಹೇಳಿತ್ತು. ಆ ಜಗಳ ನಮ್ಮ ಊರಲ್ಲಿ ಅಷ್ಟಿಲ್ಲ. ನಮ್ಮಲ್ಲಿ ಬರುವುದು ಅಜ್ಜಂದಿರ ಮಾತು. ‘1923ರಲ್ಲಿ ನೇತ್ರಾವತಿ ಪಾಣೆಮಂಗಳೂರು ಮುಳುಗಿಸಲಿಲ್ವಾ? 1974ರಲ್ಲಿ ಬರಲಿಲ್ವಾ?’ ಬಂದಿತ್ತು. ಅವರ ನೆನಪು ಸರಿಯೇ. ಅದನ್ನು ತಳ್ಳಿ ಹಾಕಬೇಡಿ, ಬರೆದುಕೊಳ್ಳಿ. ಆಮೇಲೆ ಇನ್ನೊಂದು ಕೇಳಿ: ‘ಅಜ್ಜ, ಆ ಎರಡು ನೆರೆಯ ನಡುವೆ ಎಷ್ಟು ವರ್ಷ ಇತ್ತು? ಈಗ ಎಷ್ಟು ಉಂಟು?’

ಈ ಪ್ರಶ್ನೆಗೆ ಉತ್ತರ ನಮ್ಮ ಊರಿನ ಮನೆಗಳಲ್ಲೇ ಉಂಟು. ಬದಿಯಡ್ಕದ ಹತ್ತಿರ ಒಬ್ಬ ಅಡಿಕೆ ಕೃಷಿಕರ ಮನೆಗೆ ಹೋಗಿದ್ದೆ. ಕೊಳೆ ರೋಗದ ವರದಿಗೆ ಹೋದದ್ದು. ಮಾತಿನ ನಡುವೆ ಅವರು ಒಳಗಿನಿಂದ ಒಂದು ಉದ್ದದ ಪುಸ್ತಕ ತಂದರು. ರಟ್ಟಿನ ಮೇಲೆ ‘ಮಳೆ’ ಅಂತ ಮಾತ್ರ ಬರೆದಿತ್ತು. ಅಂಗಳದಲ್ಲಿ ಮಳೆ ಅಳೆಯುವ ಮಾಪಕ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಕಾಪಿ ಕುಡಿಯುವ ಮೊದಲು ಅಳೆದು ಬರೆಯುತ್ತಾರೆ. ಅವರ ಅಪ್ಪ ಶುರು ಮಾಡಿದ್ದು. ಅಪ್ಪನ ಅಕ್ಷರ ಇಂಚಿನ ಲೆಕ್ಕದಲ್ಲಿ, ಮಗನದ್ದು ಮಿಲಿಮೀಟರಿನಲ್ಲಿ. ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಮದ್ದು ಬಿಟ್ಟದ್ದು’, ‘ಸುರಂಗ ನಿಂತಿತು’, ‘ಕಟ್ಟ ಹಾಕಿದ್ದು’ ಅಂತ ಟಿಪ್ಪಣಿ. ಸುರಂಗ ಅಂದರೆ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ದಾರಿ, ಕಟ್ಟ ಅಂದರೆ ತೋಡಿಗೆ ಅಡ್ಡ ಹಾಕುವ ಒಡ್ಡು.

ಅವರು 2025ರ ಪುಟ ತೆರೆದರು. ಪತ್ತನಾಜೆಗೆ, ಅಂದರೆ ತುಳು ತಿಂಗಳು ಬೇಶದ ಹತ್ತನೇ ದಿನಕ್ಕೆ, ಹತ್ತು ಹನಿ ಮಳೆ ಬೀಳಬೇಕು ಅಂತ ನಮ್ಮಲ್ಲಿ ಮಾತುಂಟಲ್ಲ. ಆ ವರ್ಷ ಕೇರಳಕ್ಕೆ ಮುಂಗಾರು ಕಾಲಿಟ್ಟದ್ದು ಮೇ 24ಕ್ಕೆ, ಸರಿಯಾಗಿ ಪತ್ತನಾಜೆಯ ದಿನ. ಹತ್ತು ಹನಿಯಲ್ಲ, ಇಡೀ ಮಳೆಗಾಲವೇ ಬಂದುಬಿಟ್ಟಿತ್ತು. ಜೂನ್ 1 ವಾಡಿಕೆಯ ದಿನ. 2009ರ ನಂತರ ಇಷ್ಟು ಬೇಗ ಬಂದದ್ದಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2023ರಲ್ಲಿ, ಜೂನ್ 8ರವರೆಗೆ ಕಾಯಿಸಿತ್ತು. ಅಡಿಕೆಗೆ ಮೊದಲ ಸಲ ಕೊಳೆ ರೋಗದ ಮದ್ದು ಬೋರ್ಡೋ ದ್ರಾವಣ ಬಿಡುವುದು ಮಳೆ ಹಿಡಿಯುವ ಮೊದಲು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮರ ಹತ್ತುವವರು ಸಿಗಬೇಕು, ಗೊನೆ ಒಣಗಿರಬೇಕು. ಆ ವರ್ಷ ಅವರ ಪುಸ್ತಕದಲ್ಲಿ ಮೇ ಕೊನೆಯ ವಾರದ ಟಿಪ್ಪಣಿ ಇಷ್ಟೇ: ‘ಮದ್ದು ಬಾಕಿ. ಮಳೆ ಬಿಡಲಿಲ್ಲ.’

ಒಂದು ವರ್ಷ ಮಳೆ ಬೇಗ ಬಂದರೆ ಅದನ್ನೇ ಹವಾಗುಣ ಬದಲಾವಣೆಗೆ ಸಾಕ್ಷಿ ಅಂತ ನಾನು ಬರೆಯುವುದಿಲ್ಲ. ಹಾಗೆ ಬರೆದರೆ ಮುಂದಿನ ವರ್ಷ ತಡವಾದಾಗ ಓದುಗರು ನಮ್ಮನ್ನು ಕೇಳುತ್ತಾರೆ. ಆದರೆ ಇಂಥ ಪುಸ್ತಕ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳಲ್ಲಿ ಉಂಟು. ಕಾಸರಗೋಡಿನಲ್ಲಿ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯೂ ಉಂಟು. ಅಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ. ಹತ್ತು ಮನೆಯ ಮಳೆ ಪುಸ್ತಕ ಸೇರಿಸಿ, ಸಂಸ್ಥೆಯ ವಿಜ್ಞಾನಿಗಳ ಮುಂದೆ ಇಟ್ಟು, ‘ಇದರಲ್ಲಿ ಏನು ಕಾಣುತ್ತದೆ’ ಅಂತ ಕೇಳಿ ಬರೆದ ವರದಿಯನ್ನು ನಾನು ಇನ್ನೂ ಓದಬೇಕಷ್ಟೆ. ನಿಮ್ಮಲ್ಲಿ ಯಾರಾದರೂ ಬರೆಯಿರಿ. ಸುರಂಗದ ಬಗ್ಗೆಯೂ ಹಾಗೆಯೇ. ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತಂದ ಅಜ್ಜಂದಿರ ಜಾಣತನವನ್ನು ಹೊಗಳಿ ನಾವು ಪ್ರತಿ ಬೇಸಿಗೆಯಲ್ಲಿ ಲೇಖನ ಬರೆಯುತ್ತೇವೆ. ಈ ವರ್ಷ ಅದರಲ್ಲಿ ನೀರು ಯಾವ ತಿಂಗಳಿಗೆ ನಿಂತಿತು ಅಂತ ಕೇಳುವುದೇ ಇಲ್ಲ.

ಸೆಕೆಯ ಸುದ್ದಿಯ ಬಗ್ಗೆ ಸ್ವಲ್ಪ. ಕರಾವಳಿಯಲ್ಲಿ ಉಷ್ಣ ಅಲೆ ಅಂತ ಘೋಷಿಸಲು ಹವಾಮಾನ ಇಲಾಖೆಯ ಪ್ರಕಾರ ಉಷ್ಣಾಂಶ ಕನಿಷ್ಠ 37 ಡಿಗ್ರಿ ಆಗಬೇಕು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇರಬೇಕು. ನಮ್ಮಲ್ಲಿ 34ಕ್ಕೇ ಬೆವರು ಆರುವುದಿಲ್ಲ. ಗಾಳಿಯಲ್ಲಿ ಅಷ್ಟು ತೇವ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅಂಥ ದಿನ ನಾವು ಹಾಕುವ ಫೋಟೋ ಯಾವುದು? ಕಲ್ಲಂಗಡಿ ಅಂಗಡಿ, ಹೊಳೆಯಲ್ಲಿ ಈಜುವ ಮಕ್ಕಳು. ಕೆಂಪುಕಲ್ಲಿನ ಕೋರೆಗೆ ಮಧ್ಯಾಹ್ನ ಹೋಗಿ ನೋಡಿ. ನಾಲ್ಕೂ ಕಡೆ ಕಲ್ಲಿನ ಗೋಡೆ, ಗಾಳಿ ಸುಳಿಯುವುದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಕೇರಳದ ಕಾರ್ಮಿಕ ಇಲಾಖೆ ಆದೇಶ ಹೊರಡಿಸುತ್ತದೆ. ಆ ಆದೇಶವನ್ನು ನಾವು ಛಾಪಿಸುತ್ತೇವೆ. ಒಂದೂವರೆ ಗಂಟೆಗೆ ಕೋರೆಗೆ ಹೋಗಿ ನೋಡುವುದಿಲ್ಲ.

ಮುನ್ನೆಚ್ಚರಿಕೆಯದ್ದು ಇನ್ನೊಂದು ಕಥೆ, ಗಡಿಯವರಾದ ನಮ್ಮದೇ ಕಥೆ. ಕಾಸರಗೋಡಿನ ರೆಡ್ ಅಲರ್ಟ್ ಮಲಯಾಳದಲ್ಲಿ ಬರುತ್ತದೆ. ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆಯ ಮುಖಪುಟದಲ್ಲಿ ಕರ್ನಾಟಕದ ಅಲರ್ಟ್ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ, ನಮ್ಮ ಜಿಲ್ಲೆಯ ಎಣ್ಮಕಜೆಯ ಅಮ್ಮನಿಗೆ ತನ್ನೂರಿನದ್ದು ಯಾವುದು ಅಂತ ಗೊತ್ತಾಗಬೇಕು. ರೆಡ್ ಅಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆ. ಈ ಅಂಕಿಯನ್ನು ಹಾಗೇ ಹಾಕಿದರೆ ಯಾರಿಗೂ ಉಪಯೋಗ ಇಲ್ಲ. ಒಂದು ಎಕರೆ ತೋಟದ ಮೇಲೆ ಎಂಟು ಲಕ್ಷ ಲೀಟರಿಗೂ ಜಾಸ್ತಿ ನೀರು ಅಂತ ಬರೆಯಿರಿ. ಆ ಅಮ್ಮನಿಗೆ ಬರೆ, ತೋಡು, ಕಟ್ಟ ಎಲ್ಲ ಕಣ್ಣ ಮುಂದೆ ಬರುತ್ತದೆ. ಪಯಸ್ವಿನಿ ಹುಟ್ಟುವುದು ಕೊಡಗಿನಲ್ಲಿ. ಸಂಪಾಜೆ, ಸುಳ್ಯ ದಾಟಿ ಇಲ್ಲಿ ಬಂದು ಚಂದ್ರಗಿರಿ ಆಗುತ್ತಾಳೆ. ಸಂಪಾಜೆಯಲ್ಲಿ ರಾತ್ರಿ ಮಳೆ ಸುರಿದದ್ದು ಅದೇ ಹೊಳೆಯ ದಡದ ತೆಕ್ಕಿಲ್‌ನವರಿಗೆ ಬೇಕಾದ ಸುದ್ದಿ. ಆದರೆ ಅದು ಸುಳ್ಯದ ಪುಟದಲ್ಲಿ ಬರುತ್ತದೆ, ಕಾಸರಗೋಡು ಪುಟಕ್ಕೆ ದಾಟುವುದಿಲ್ಲ. ಸುಳ್ಯದ ವರದಿಗಾರರ ನಂಬರ್ ನಿಮ್ಮ ಫೋನಿನಲ್ಲಿ ಇರಲಿ.

ಇದೆಲ್ಲ ಮಾಡಿದರೆ ಏನಾದರೂ ಆಗುತ್ತದಾ ಅಂತ ನೀವು ಕೇಳಬಹುದು. ಎಣ್ಮಕಜೆಯ ಹೆಸರು ಬಂದದ್ದಕ್ಕೆ ಹೇಳುತ್ತೇನೆ. ಅಲ್ಲಿಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಪಡ್ರೆ ಗ್ರಾಮದಲ್ಲಿ ಕಾಲು ತಿರುಚಿದ ಕರುಗಳು ಹುಟ್ಟಿದ್ದನ್ನು ಗಮನಿಸಿ ಬರೆದವರು ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ. ಅದು 1980ರ ದಶಕದ ಆರಂಭ. ಒಂದೇ ಪ್ರದೇಶದ ಮನೆಗಳಲ್ಲಿ ವಿಚಿತ್ರ ಕಾಯಿಲೆಗಳು ಜಾಸ್ತಿ ಆಗುವುದನ್ನು ಗುರುತಿಸಿದವರು ಅಲ್ಲೇ ಮನೆ ಮನೆಗೆ ಹೋಗುತ್ತಿದ್ದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಅಂತ ಕೇರಳ ಸರ್ಕಾರಕ್ಕೆ ಹೇಳಿದ್ದು 2017ರಲ್ಲಿ. ಮೊದಲ ಬರಹದಿಂದ ಲೆಕ್ಕ ಹಾಕಿ, ಎಷ್ಟು ವರ್ಷ! ಅದು ಕೂಡ ನಿಧಾನಕ್ಕೆ ಬಂದ ದುರಂತ. ದೊಡ್ಡ ಪತ್ರಿಕೆಗಳ ಕಣ್ಣಿಗೆ ಮೊದಲು ಬೀಳಲಿಲ್ಲ. ಅಲ್ಲೇ ಇದ್ದವರಿಗೆ, ಅದೇ ದಾರಿಯಲ್ಲಿ ದಿನಾ ನಡೆದವರಿಗೆ ಕಂಡಿತು. ಅವರು ಬಿಡದೆ ಬರೆದರು, ಹೇಳಿದರು.

ನಿಮ್ಮ ಕಷ್ಟ ನನಗೆ ಗೊತ್ತು. ನಿಮ್ಮಲ್ಲಿ ಎಷ್ಟೋ ಜನರಿಗೆ ಸಂಬಳ ಇಲ್ಲ, ಬಂದ ಸುದ್ದಿಯ ಅಳತೆಗೆ ದುಡ್ಡು. ಬೆಳಿಗ್ಗೆ ಶಾಲೆಯಲ್ಲಿ ಪಾಠ ಮಾಡಿ, ತೋಟ ನೋಡಿಕೊಂಡು, ಸಂಜೆ ವರದಿ ಕಳಿಸುವವರು ಇದ್ದೀರಿ. ಕೋರೆಯವರ ಜಾಹೀರಾತು ಬರುವ ಪುಟದಲ್ಲಿ ಕೋರೆಯ ಸುದ್ದಿ ಹಾಕಿಸುವುದು ಎಷ್ಟು ಕಷ್ಟ ಅಂತ ನಾನೂ ಅನುಭವಿಸಿದ್ದೇನೆ. ಒಂದು ಸಲ ಪೂರ್ತಿ ವರದಿಯೇ ಬರಲಿಲ್ಲ, ಕಾರಣವನ್ನೂ ಯಾರೂ ಹೇಳಲಿಲ್ಲ. ಹಾಗಾಗಿ ದೊಡ್ಡದೇನೂ ಕೇಳುವುದಿಲ್ಲ. ಒಂದು ನೋಟ್‌ಬುಕ್ ಇಡಿ. ಹೋದ ಜಾಗ, ತಾರೀಕು, ಒಂದು ಅಳತೆ. ಅಲ್ಲಿಯವರ ಫೋನ್ ನಂಬರ್. ಮುಂದೆ ಯಾವಾಗ ಹೋಗುವುದು ಅಂತ ಒಂದು ತಾರೀಕು. ಒಂದೇ ಕಡೆ ನಿಂತು, ಒಂದೇ ದಿಕ್ಕಿಗೆ ಒಂದು ಫೋಟೋ.

ಆ ಹೆಂಗಸಿನ ಮನೆ ಈಗ ಇಲ್ಲ. ಅವರು ಮಗಳ ಮನೆಗೆ ಹೋಗಿದ್ದಾರೆ, ನಂಬರ್ ನನ್ನ ಬಳಿ ಉಂಟು. ಆ ಮನೆಯ ಮುಂದೆ, ರಸ್ತೆಯ ಬದಿಗೆ ಒಂದು ವಿದ್ಯುತ್ ಕಂಬ ಉಂಟು. ಅಲ್ಲಿಂದ ನೀರಿಗೆ ಕಳೆದ ಜೂನ್‌ನಲ್ಲಿ ನಾನು ಹೆಜ್ಜೆ ಅಳೆದಾಗ 41 ಹೆಜ್ಜೆ. ಬರುವ ಭಾನುವಾರ ಮತ್ತೆ ಹೋಗುತ್ತಿದ್ದೇನೆ. ಬರುವವರು ಬೆಳಿಗ್ಗೆ ಎಂಟಕ್ಕೆ ಉಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ಇರಿ. ಅಳೆಯುವ ಟೇಪ್ ನಾನು ತರುತ್ತೇನೆ.